ಯಜಮಾನಿ ಇಸ್ತ್ರಿ ಮಾಡಿದ ಸಂಜೆ

"ನಾನೇನು ಎಳೇ ಪಾಪುನಾ? ಒಬ್ಬಳೇ ಇರ್ತೀನಿ. ಮನೆ ನನಗೆ ಬಿಡಿ!"

ಸೊಂಟದ ಮೇಲೆ ಕೈಯಿಟ್ಟು ಹೀಗೆಂದು ಘೋಷಿಸಿದವಳು ನಾಲ್ಕನೇ ಕ್ಲಾಸಿನ ಹುಡುಗಿ. ಅಂದಿನಿಂದ ಅಪ್ಪ ಅವಳನ್ನು ಕರೆಯುವುದೇ 'ಯಜಮಾನಿ' ಎಂದು. ಅಪ್ಪನದು ಬಲ್ಬು, ವೈರು, ಸ್ವಿಚ್ಚು ಮಾರುವ ಅಂಗಡಿ. ಅಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಇಬ್ಬರೂ ಮನೆ ಸೇರುವಾಗ ಬೀದಿದೀಪ ಹತ್ತಿರುತ್ತದೆ. ಶಾಲೆ ಬಿಟ್ಟ ಮಗಳು ಅಲ್ಲಿಯವರೆಗೆ ದೊಡ್ಡಮ್ಮನ ಮನೆಯಲ್ಲಿರಬೇಕು ಎಂಬುದು ಹಳೆಯ ಏರ್ಪಾಡು. ಆದರೆ ದೊಡ್ಡಮ್ಮನ ಗಂಡುಮಕ್ಕಳು ಅವಳನ್ನು ಕಂಡೊಡನೆ, "ಬಂತು ನೋಡ್ರೋ ಪಾರ್ಸಲ್ಲು! ಸಂಜೆ ಬಂದು ಬಿಡಿಸ್ಕೊಂಡು ಹೋಗ್ತಾರೆ!" ಎಂದು ಕೂಗುತ್ತಿದ್ದರು. ಮಾನವಂತರು ಸಹಿಸುವ ಮಾತೇ ಇದು?

"ಸರಿ, ಇರು," ಎಂದಳು ಅಮ್ಮ. "ಆದ್ರೆ ಒಂದೇ ಒಂದು ಎಡವಟ್ಟಾಗ್ಲಿ, ಮತ್ತೆ ದೊಡ್ಡಮ್ಮನ ಮನೆಗೇ."

"ನನ್ನ ಕೈಲಿ ಎಡವಟ್ಟಾ? ಚಾನ್ಸೇ ಇಲ್ಲ!"

ಹೀಗೆ ಸಾಮ್ರಾಜ್ಯವೊಂದು ಅವಳ ಕೈಗೆ ಬಂತು. ಪ್ರಜೆಗಳು ಮಾತ್ರ ಯಾರೂ ಇರಲಿಲ್ಲ. ಕುರ್ಚಿಗಳು ಹೇಳಿದ್ದನ್ನು ಕೇಳುತ್ತಿದ್ದವು, ಆದರೆ ತಿರುಗಿ ಒಂದು ಮಾತಾಡುತ್ತಿರಲಿಲ್ಲ. ಸದ್ದು ಮಾಡುತ್ತಿದ್ದುದು ಫ್ರಿಜ್ ಒಂದೇ. ಹಳೇ ಫ್ರಿಜ್ಜು, ಗುರ್ರ್ ಎಂದು ನರಳುತ್ತ, ನಡುವೆ ಮೈ ಕೊಡವಿಕೊಳ್ಳುತ್ತ ಇರುತ್ತಿತ್ತು. ಅದಕ್ಕೆ ಅವಳು 'ತಾತ' ಎಂದು ಹೆಸರಿಟ್ಟಳು.

"ತಾತ, ಇವತ್ತು ನಾನು ಕೈ ಎತ್ತಿದ್ರೂ ಟೀಚರ್ ನನ್ನ ಕೇಳ್ಲೇ ಇಲ್ಲ."

"ಗುರ್ರ್," ಎನ್ನುತ್ತಿದ್ದ ತಾತ. ಅಷ್ಟು ತಾಳ್ಮೆಯಿಂದ ಅವಳ ಮಾತು ಕೇಳುವವರು ಆ ಮನೆಯಲ್ಲಿ ಬೇರೆ ಯಾರಿದ್ದರು? ಕೇಳುವುದಕ್ಕೆ ಅವರು ಮನೆಯಲ್ಲಿರಬೇಕಲ್ಲ!

ಒಂದು ಸಂಜೆ ಯಜಮಾನಿಗೆ ಜವಾಬ್ದಾರಿ ಮೈದುಂಬಿ ಬಂತು. ಶಾಲೆಯ ಕಾಲುಚೀಲವನ್ನು ತಾನೇ ಒಗೆದಳು. ಒಣಗಲು ಕಾಯುವಷ್ಟು ಸಮಯ ದೊಡ್ಡವರಿಗೆಲ್ಲಿರುತ್ತದೆ? ಮೇಜಿನ ಮೇಲಿಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದಳು. ಒಗೆದ ಬಟ್ಟೆಯನ್ನು ಹಿಂಡುವುದೆಂಬ ಕೆಲಸವೊಂದು ಲೋಕದಲ್ಲಿದೆಯೆಂದು ಅವಳಿಗೆ ಯಾರೂ ತಿಳಿಸಿರಲಿಲ್ಲ. ನೀರು ಮೇಜಿನುದ್ದ ಹರಿದು, ಇಸ್ತ್ರಿಯ ಪ್ಲಗ್ಗು ಸಿಕ್ಕಿಸಿದ್ದ ಎಕ್ಸ್‌ಟೆನ್ಷನ್ ಬೋರ್ಡಿನೊಳಗೆ ಇಳಿಯಿತು.

ಫಟ್!

ನೀಲಿ ಕಿಡಿಯೊಂದು ಹಾರಿತು. ಬಾಗಿಲ ಮೇಲಿನ ಡಬ್ಬಿಯಲ್ಲಿ 'ಟಕ್' ಎಂದು ಮೇನ್ ಸ್ವಿಚ್ಚು ಬಿತ್ತು. ಅವಳ ಕೈ ಇಸ್ತ್ರಿಯ ಪ್ಲಾಸ್ಟಿಕ್ ಹಿಡಿಯ ಮೇಲಿದ್ದುದು ಅವಳ ಪುಣ್ಯ. ಆದರೆ ತಾತ ಸುಮ್ಮನಾಗಿಬಿಟ್ಟ. ಫ್ರಿಜ್ಜಿನ ಬಾಗಿಲು ತೆರೆದು ನೋಡಿದಳು. ತಾತನ ಹೊಟ್ಟೆಯೊಳಗೂ ಕತ್ತಲೆ.

ಮೇಲಿನ ಡಬ್ಬಿ ಕುರ್ಚಿ ಹತ್ತಿದರೂ ಎಟುಕಲಿಲ್ಲ. ಅಷ್ಟರಲ್ಲಿ ಅಮ್ಮನ ಫೋನು.

"ಏನ್ಮಾಡ್ತಿದ್ದೀಯ ಪುಟ್ಟಿ?"

"ಓದ್ತಿದ್ದೀನಿ."

"ಲೈಟ್ ಹಾಕ್ಕೊಂಡು ಓದು. ಕಣ್ಣು ಹಾಳಾಗುತ್ತೆ."

"ಹೂಂ... ಅಮ್ಮ, ಬೇಗ ಬರ್ತೀಯಾ?"

"ಯಾಕೆ? ಏನಾಯ್ತು?"

"ಏನಿಲ್ಲ. ಸುಮ್ನೆ ಕೇಳ್ದೆ."

ಈಗೇನು ಗತಿ? ಪಾರ್ಸಲ್ಲಾಗುವ ದಿನ ಹತ್ತಿರ ಬಂತು! ಆಗ ಅವಳಿಗೆ ಅಪ್ಪನ ಅಂಗಡಿಯ ರಾಜತಂತ್ರ ನೆನಪಾಯಿತು. ಕೆಟ್ಟ ಬಲ್ಬು ಹಿಡಿದು ಗಿರಾಕಿ ಕಿರುಚುತ್ತ ಬಂದರೆ ಅಪ್ಪ ಬಲ್ಬಿನ ಮಾತೇ ಎತ್ತುವುದಿಲ್ಲ. ಮೊದಲು ಟೀ ತರಿಸುತ್ತಾನೆ. ಅರ್ಧ ಲೋಟ ಇಳಿಯುವಷ್ಟರಲ್ಲಿ ಗಿರಾಕಿಯ ದನಿಯೂ ಅರ್ಧ ಇಳಿದಿರುತ್ತದೆ. ಸರಿ, ಅಪ್ಪ ಅಮ್ಮ ಬರುವಷ್ಟರಲ್ಲಿ ಬಿಸಿಬಿಸಿ ಟೀ ಸಿದ್ಧವಿರಲಿ!

ಅವರ ಮನೆಯ ಗ್ಯಾಸ್ ಒಲೆಗೆ ಕಡ್ಡಿ ಗೀರಬೇಕಿಲ್ಲ. ಗುಂಡಿ ಒತ್ತಿದರೆ ಕರೆಂಟಿನಿಂದ ಕಿಡಿ ಹಾರುತ್ತದೆ. ಅವಳು ಗ್ಯಾಸ್ ತಿರುಗಿಸಿದಳು, ಗುಂಡಿ ಒತ್ತಿದಳು. ಕಿಡಿ ಎಲ್ಲಿಂದ ಬರಬೇಕು? ಬೆಂಕಿಪೊಟ್ಟಣ ಹುಡುಕಲು ಹೊರಟಳು. ಒಲೆ ತಿರುಗಿಸಿದ್ದು ತಿರುಗಿಸಿದಂತೆಯೇ ಇತ್ತು.

ಕೋಣೆಯಲ್ಲಿ ಡ್ರಾಯರು ತಡಕುತ್ತಿರುವಾಗ ಹೊತ್ತು ಮುಳುಗಿತು. ತಾತನೂ ಇಲ್ಲದ ಆ ನಿಶ್ಶಬ್ದದಲ್ಲಿ ಅಡುಗೆಮನೆಯಿಂದ ಯಾರೋ 'ಸ್ಸ್‌ಸ್' ಎಂದು ಅವಳನ್ನು ಸುಮ್ಮನಿರಿಸಿದಂತಾಯಿತು. ಯಾರದು? ಶೀತದಿಂದ ಮೂಗು ಕಟ್ಟಿತ್ತಾದ್ದರಿಂದ ವಾಸನೆ ಬರಲಿಲ್ಲ, ಹೆದರಿಕೆ ಮಾತ್ರ ಬಂತು. ಸಾಮ್ರಾಜ್ಯವನ್ನು ಅಲ್ಲೇ ಬಿಟ್ಟು, ಬಾಗಿಲೆಳೆದುಕೊಂಡು, ಯಜಮಾನಿ ಹೊರಗಿನ ಮೆಟ್ಟಿಲ ಮೇಲೆ ಮುದುರಿ ಕುಳಿತಳು. ಬೀದಿಯಲ್ಲಿ ಹೋಗುವವರೆಲ್ಲ ಅವರವರ ಮನೆಗೆ ಹೋಗುತ್ತಿದ್ದರು.

ಕೊನೆಗೂ ಅಪ್ಪ ಬಂದ. "ಏನು, ಯಜಮಾನರು ಬೀದಿಗೆ ಬಂದುಬಿಟ್ರಾ?"

"ಗಾಳಿಗೆ ಕೂತಿದ್ದೀನಿ."

ಅಪ್ಪ ಸೀನಿದ. ಅವನಿಗೂ ಶೀತ. ಆ ವಾರ ಅಪ್ಪ ಮಗಳು ಹಂಚಿಕೊಂಡಿದ್ದು ಅದೊಂದೇ. ಒಳಗೆ ಕಾಲಿಡುವ ಮೊದಲೇ ಅವನ ಕೈ ಸ್ವಿಚ್ಚಿಗೆ ಹೋಯಿತು. ಉರಿಯಲಿಲ್ಲ. ಬಲ್ಬಿನಂಗಡಿಯವನಿಗೆ ಇದಕ್ಕಿಂತ ಅವಮಾನವುಂಟೆ? "ಹೊಸ ಮಾಲು ಇದು! ಗ್ಯಾರಂಟಿ ಇದೆ!" ಎಂದು ಗೊಣಗುತ್ತ ಹಾಲಿನದು ಒತ್ತಿದ, ಕೋಣೆಯದು ಒತ್ತಿದ, ಫ್ಯಾನು ತಿರುಗಿಸಿದ, ಬಚ್ಚಲಿನದನ್ನೂ ಬಿಡಲಿಲ್ಲ. ಆಮೇಲೆ ಮೇಲಿನ ಡಬ್ಬಿ ಕಣ್ಣಿಗೆ ಬಿತ್ತು.

"ಓ, ಮೇನು ಬಿದ್ದಿದೆ! ಸದ್ಯ, ನನ್ನ ಬಲ್ಬಿನ ತಪ್ಪಲ್ಲ!"

ಮಾನ ಮರಳಿ ಬಂದ ಖುಷಿಯಲ್ಲಿ ಸ್ಟೂಲು ಹತ್ತಿ ಬೆರಳಿಡುವಷ್ಟರಲ್ಲಿ ಅಮ್ಮ ಮೆಟ್ಟಿಲಿಗೆ ಬಂದಳು. ದಿನವಿಡೀ ದೊಡ್ಡ ಒಲೆಗಳ ಮುಂದೆ ಪಳಗಿದ ಮೂಗು ಅದು!

"ರೀ! ಕೈ ತೆಗೀರಿ!"

"ಏನೇ? ಇದನ್ನ ಎತ್ತಿದ್ರೆ ಲೈಟು..."

"ಎತ್ತಿದ್ರೆ ಮನೆ ಸೂರೇ ಎತ್ಕೊಂಡು ಹೋಗುತ್ತೆ! ಗ್ಯಾಸ್ ಕಣ್ರೀ! ಮನೆ ತುಂಬಾ ಗ್ಯಾಸು!"

ಅಪ್ಪ ಸ್ಟೂಲಿನಿಂದ ಇಳಿದನೋ ಉದುರಿದನೋ ಹೇಳುವುದು ಕಷ್ಟ. ಅಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಓಡಿ ಸಿಲಿಂಡರು ಬಂದ್ ಮಾಡಿದಳು, ಕಿಟಕಿಗಳನ್ನೆಲ್ಲ ತೆರೆದಳು. ಮೂವರೂ ಮೆಟ್ಟಿಲ ಮೇಲೆ ಬಂದು ಕುಳಿತರು. ಮಗಳು ಕಾಲುಚೀಲದಿಂದ ಟೀವರೆಗೆ ಎಲ್ಲವನ್ನೂ ಒಪ್ಪಿಸಿದಳು.

"ಎಲ್ಲಾ ಸ್ವಿಚ್ಚೂ ಒತ್ತಿದ್ದೆ ಕಣೇ," ಎಂದ ಅಪ್ಪ ಮೆಲ್ಲಗೆ. "ಬಚ್ಚಲುಮನೇದೂ. ಕರೆಂಟು ಇದ್ದಿದ್ರೆ..." ಸ್ವಿಚ್ಚು ಒತ್ತಿದ ಬೆರಳನ್ನೇ ನೋಡಿಕೊಂಡ. "ಇವಳ ಒದ್ದೆ ಕಾಲುಚೀಲ ನಮ್ಮನ್ನ ಉಳಿಸ್ತು."

"ಆ ಕಾಲುಚೀಲದಿಂದ್ಲೇ ಇಷ್ಟೆಲ್ಲಾ ಆಗಿದ್ದು! ಶಾಲು ಹೊದಿಸಿ ಸನ್ಮಾನ ಮಾಡಿ ಅದಕ್ಕೆ!"

ಅಪ್ಪ ನಕ್ಕುಬಿಟ್ಟ. ಅಮ್ಮ ಬೈಯಲು ಬಾಯಿ ತೆರೆದವಳು ಮಗಳನ್ನು ಬಾಚಿ ತಬ್ಬಿಕೊಂಡು, ಅಳುತ್ತಲೇ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು:

"ನಾಳೆಯಿಂದ ದೊಡ್ಡಮ್ಮನ ಮನೆ."

"ಸರಿ," ಎಂದಳು ಯಜಮಾನಿ. ವಾದವಿಲ್ಲ, ಘೋಷಣೆಯಿಲ್ಲ! ಅಮ್ಮ ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಿದಳು.

"ಆ ಹುಡುಗರು ಏನಂದ್ರೂ ಪರವಾಗಿಲ್ವಾ?"

"ಅಂದ್ಕೊಳ್ಲಿ. ಅವರು ಮಾತಾದ್ರೂ ಆಡ್ತಾರೆ."

ಮೂವರೂ ಹೀಗೆ ಒಟ್ಟಿಗೆ ಕೂತು ಎಷ್ಟು ಕಾಲವಾಗಿತ್ತೋ! ಅಪ್ಪನ ಒಂದು ತೋಳು, ಅಮ್ಮನ ಒಂದು ತೋಳು, ನಡುವೆ ಅವಳು. ಸ್ವಲ್ಪ ಹೊತ್ತಿಗೆ ಅಪ್ಪ ಎದ್ದು ನಿಂತ. "ಇಷ್ಟೊತ್ತಿಗೆ ವಾಸನೆ ಹೋಗಿರುತ್ತೆ. ಒಳಗೆ ಹೋಗೋಣ್ವಾ?"

"ಇಲ್ಲ ಅಪ್ಪ," ಎಂದಳು ಮಗಳು ಕಟ್ಟಿದ ಮೂಗಿನಲ್ಲೇ. "ಇನ್ನೂ ಘಮ್ ಅಂತ ಬರ್ತಿದೆ."

ಅಮ್ಮ ಬಾಗಿಲ ಕಡೆ ತಿರುಗಿ ಒಮ್ಮೆ ಮೂಸಿದಳು. ಒಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು, ಅಷ್ಟೆ.

"ಹೌದು ರೀ, ಇನ್ನೂ ಇದೆ," ಎಂದಳು. "ಕೂತ್ಕೊಳ್ಳಿ."