ಗಾಜಿನ ಮೇಲಿನ ಹನುಮಪ್ಪ

ಇಷ್ಟಕ್ಕೆಲ್ಲ ಕಾರಣ ಕಡಲೆಕಾಳಿನಷ್ಟು ಒಂದು ಕಲ್ಲು. ಸಂಡೂರು ರಸ್ತೆಯಲ್ಲಿ ಅದಿರು ಲಾರಿಯಿಂದ ಹಾರಿ ಬಂದು, ಕಂಪ್ಲಿಯ ಸುಮಂಗಲಾ ಮೇಡಂ ಹೋದ ವಾರವಷ್ಟೇ ಕೊಂಡ ಸೆಕೆಂಡ್‌ಹ್ಯಾಂಡ್ ಕಾರಿನ ಮುಂದಿನ ಗಾಜಿಗೆ ಟಣ್ಣನೆ ಬಡಿದಿತ್ತು. ಸಣ್ಣದೊಂದು ಚುಕ್ಕಿ ಬಿದ್ದಿತ್ತು, ಅಷ್ಟೇ. ಕಾರು ಹೊಸಪೇಟೆಯ ಯಲ್ಲೇಶನ ಗ್ಲಾಸ್ ಅಂಗಡಿ ಮುಂದೆ ಬಂದು ನಿಂತಿತು.

“ಐನೂರು ರೂಪಾಯಿ ರೀ ಮೇಡಂ. ಅಂಟು ತುಂಬಿದ್ನಂದ್ರ ಎಲ್ಲಿ ಬಿದ್ದಿತ್ತಂತ ಆ ಕಲ್ಲಿಗೂ ಗೊತ್ತಾಗಂಗಿಲ್ಲ!”

“ಆಮ್ಯಾಲೆ ಹೆಚ್ಚಿಗಿ ಕೇಳಂಗಿಲ್ಲ ನೋಡಪ್ಪ. ಗಾಜಿನ ಮ್ಯಾಲೆ ಮೊದ್ಲಿಂದ ಇರೋ ಹನುಮಪ್ಪನ ಸ್ಟಿಕರ್ ಮುಟ್ಟಬ್ಯಾಡ ಮತ್ತ.”

ಯಲ್ಲೇಶ ಚುಕ್ಕಿಯ ಮೇಲೆ ಅಂಟು ತುಂಬುವ ಯಂತ್ರ ಕೂರಿಸಿ ತಿರುಪು ಬಿಗಿದಿದ್ದನೋ ಇಲ್ಲವೋ, ಚಟ್! ಉದ್ದನೆಯ ಬಿರುಕೊಂದು ಗಾಜಿನ ಆ ತುದಿಗೆ ಓಡಿಬಿಟ್ಟಿತು.

“ಅಯ್ಯಯ್ಯೋ!” ಪಕ್ಕದ ಚಹಾ ಅಂಗಡಿಯ ಶಾಂತಕ್ಕ ಸೋಸುವ ಜಾಲರಿ ಹಿಡಿದುಕೊಂಡೇ ಓಡಿ ಬಂದಳು. ಎದುರಿನ ಪಂಕ್ಚರ್ ಅಂಗಡಿಯ ಹುಸೇನಪ್ಪ ತೀರ್ಪನ್ನೇ ಕೊಟ್ಟುಬಿಟ್ಟ: “ಒಡದಾಂವ ನೀನು. ಹೊಸಾ ಗ್ಲಾಸ್ ನೀನ ಹಾಕಬೇಕಪ.”

ಹೊಸ ಗಾಜೆಂದರೆ ಯಲ್ಲೇಶನ ತಿಂಗಳ ದುಡಿಮೆ. ಅವನು ಬಗ್ಗಿ ನೋಡಿದ. ಬಿರುಕು ಹೊರಟದ್ದು ತಾನು ಕೈ ಹಾಕಿದ ಚುಕ್ಕಿಯಿಂದಲ್ಲ, ಹನುಮಪ್ಪನ ಬಾಲದ ಅಡಿಯಿಂದ! ಅವನಿಗೆ ಹೋದ ಜೀವ ಬಂದಂತಾಯಿತು.

“ಇದರಡಿ ಹಳೇ ಬಿರುಕೈತಿ ರೀ! ಯಾವನೋ ಕಳ್ಳ ಕೆಲಸ ಕೆಡಿಸಿ, ಮ್ಯಾಲೆ ದೇವ್ರನ್ನ ಅಂಟಿಸಿ ಕಳಿಸ್ಯಾನ! ನಾಚಿಗ್ಗೇಡಿ! ಸಿಗ್ಲಿ ಅಂವ, ಹೊಸಾ ಗ್ಲಾಸ್ ಅವನ ಕೈಲೇ ಹಾಕಸ್ತೀನಿ!”

“ಆತು,” ಎಂದರು ಮೇಡಂ. “ಯಾರು ಕೆಡಿಸ್ಯಾರೋ ಅವರ ಹಾಕಿ ಕೊಡ್ಲಿ. ಎಲ್ಲಾರ ಮುಂದ ಆದ ಮಾತಿದು. ತೆಗಿ ಸ್ಟಿಕರ್.”

ಯಲ್ಲೇಶ ಚಪ್ಪಲಿ ಬಿಟ್ಟು, ಗಲ್ಲ ಗಲ್ಲ ಬಡಿದುಕೊಂಡು, ನೀರು ಚಿಮುಕಿಸಿ ಮೆಲ್ಲಗೆ ಸ್ಟಿಕರ್ ಕಿತ್ತ. ಒಳಗೆ ಹಳೇ ಬಿರುಕು ಇದ್ದದ್ದು ಖರೆ. ಅದರ ತುಂಬ ಮಿಣಮಿಣ ಮಿಂಚುವ ಗುಲಾಬಿ ಉಗುರು ಬಣ್ಣ!

“ಯಾವ ಹುಚ್ಚಪ್ಪ ಇಂವ, ಗಾಜಿಗೆ ಉಗುರು ಬಣ್ಣ ಹಚ್ಚಿದಾಂವ!” ಹುಸೇನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಯಲ್ಲೇಶ ನಗಲಿಲ್ಲ. ಅವಸರ ಅವಸರವಾಗಿ ಸ್ಟಿಕರನ್ನು ಮತ್ತೆ ಅಲ್ಲೇ ಒತ್ತತೊಡಗಿದ. “ಬಿಡ್ರಿ, ದೇವ್ರನ್ನ ಭಾಳೊತ್ತು ಕೈಯಾಗ ಹಿಡಕೋಬಾರ್ದು...”

ಶಾಂತಕ್ಕ ಅವನ ಮಣಿಕಟ್ಟು ಹಿಡಿದಳು. “ತಡಿಲೇ ಯಲ್ಲೇಶ. ಹೋದ ವರ್ಷ ‘ಅಂಟು ಮುಗದೈತಿ, ಗಿರಾಕಿ ಜಲ್ದಿ ಮಾಡಾಕತ್ಯಾನ’ ಅಂತ ನನ್ನ ಮಗಳು ದೇವಿಕಾನ ಉಗುರು ಬಣ್ಣ ಇಸಗೊಂಡು ಹೋಗಿದ್ಯಲ್ಲ? ಇದ ಗುಲಾಬಿ, ಇದ ಚಮಕಿ! ಆ ಶೀಸೆ ಎಲ್ಲಿ ಅಂತ ಹುಡುಗಿ ಇನ್ನಾ ನನ್ನ ತಲಿ ತಿಂತಾಳ!”

ಮೇಡಂ ಚಹಾ ಅಂಗಡಿಯ ಬೆಂಚಿನ ಮೇಲೆ ಆರಾಮಾಗಿ ಕುಳಿತರು.

ಸಂಜೆಯ ಹೊತ್ತಿಗೆ ಹೊಸ ಗಾಜು ಕೂತಿತು. ಯಲ್ಲೇಶ ಬೆವರು ಒರೆಸಿಕೊಳ್ಳುತ್ತ, ರೂಢಿಯಂತೆ ಅಂಗಡಿಯೊಳಗಿಂದ ಹನುಮಪ್ಪನ ಹೊಸ ಸ್ಟಿಕರೊಂದನ್ನು ತಂದ. “ಇದು ಫ್ರೀ ರೀ ಮೇಡಂ.”

“ಬ್ಯಾಡಪ್ಪ,” ಮೇಡಂ ಕಾರು ಚಾಲೂ ಮಾಡಿದರು. “ನೀ ಮಾಡಿದ ಕೆಲಸ ಪೂರಾ ಕಾಣ್ಲಿ.”