ಯಾರೂ ಬಾಗಿಲು ತಟ್ಟದ ದೇಶ

ಎಲ್ಲಕ್ಕೂ ಮೂಲ ಒಂದು ತಂಬಿಗೆ ಬೀಟ್‌ರೂಟ್ ರಸ. ಅದನ್ನು ಪ್ರೇಮಾಬಾಯಿ ತರದೇ ಇದ್ದಿದ್ದರೆ, ಅಥವಾ ತಂದದ್ದನ್ನು ರವಿಕಾಂತ ಕುಡಿಯದೇ ಇದ್ದಿದ್ದರೆ, ಅವತ್ತಿನ ಕೆಲಸ ಮಧ್ಯಾಹ್ನದೊಳಗೇ ಮುಗಿದುಹೋಗುತ್ತಿತ್ತು.

ರವಿಕಾಂತ ಭಾಲ್ಕಿ ಕಡೆಯವನು. ನಾಸಿಕ್ ಪಕ್ಕದ ದೇವಳಾಲಿ ಕ್ಯಾಂಪಿನಲ್ಲಿ ಮೋಟಾರ್ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಸೈನಿಕರ ಹೆಂಡತಿಯರಿಗೆಲ್ಲ ಕಾರು ಕಲಿಸಿ ಬದುಕುಳಿದವನಿಗೆ ಇನ್ನು ಹೆದರುವಂಥದ್ದು ಏನೂ ಇಲ್ಲ ಎಂಬುದು ಅವನ ನಂಬಿಕೆ. ಹೆಂಡತಿ ವೈಷ್ಣವಿ ನರ್ಸ್. ಅವಳು ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿ, ಕೆನಡಾದ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಕೆಲಸ ಗಿಟ್ಟಿಸಿಕೊಂಡು, ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ಆಗಿ ಇರುವ ಪರವಾನಗಿಗೆ ಅರ್ಜಿ ಹಾಕಿದ್ದಳು. ಅರ್ಜಿಯ ಯಜಮಾನಿ ಅವಳು. ರವಿಕಾಂತ ಜೊತೆಗೆ ಹೋಗುವ ಗಂಡ. ಪಾಸ್‌ಪೋರ್ಟ್ ಹೊಸದಾಗಿತ್ತು, ಪೊಲೀಸರ ಪ್ರಮಾಣಪತ್ರ ಬಂದಿತ್ತು. ಉಳಿದದ್ದು ವೈದ್ಯಕೀಯ ಪರೀಕ್ಷೆಯೊಂದೇ. ಇಬ್ಬರಲ್ಲಿ ಒಬ್ಬರು ಫೇಲಾದರೂ ಇಬ್ಬರ ಅರ್ಜಿಯೂ ಬಿದ್ದುಹೋಗುತ್ತದೆ ಎಂದು ಏಜೆಂಟ್ ಹೆದರಿಸಿದ್ದ.

ವೈಷ್ಣವಿಗೆ ಕೆನಡಾ ಬೇಕಾಗಿದ್ದು ಕೆಲಸಕ್ಕಾಗಿ. ರವಿಕಾಂತನಿಗೆ ಬೇಕಾಗಿದ್ದು ಬೇರೆಯದೇ ಕಾರಣಕ್ಕೆ. ಆ ಕಾರಣ ಅವನ ಎದುರು ಮನೆಯಲ್ಲಿ ವಾಸವಾಗಿತ್ತು. ಅಂಚೆ ಇಲಾಖೆಯಿಂದ ನಿವೃತ್ತರಾದ ಕಲಬುರಗಿಯ ವಿಶ್ವನಾಥಪ್ಪನವರು ಮತ್ತು ಅವರ ಹೆಂಡತಿ ಪ್ರೇಮಾಬಾಯಿ ಒಳ್ಳೆಯ ಜನವೇ. ಒಳ್ಳೆಯತನ ಮಾತ್ರ ಅಣೆಕಟ್ಟೆಯ ಗೇಟು ತೆಗೆದಂತೆ ಬರುತ್ತಿತ್ತು. ಬೆಳಗ್ಗೆ ಹಲ್ಲುಜ್ಜುವಾಗ ಕಾಕಾ ಬಂದು ಬ್ರಶ್ ಹಿಡಿಯುವ ರೀತಿ ತಿದ್ದುತ್ತಿದ್ದರು. ಕಾಕು, ಅಂದರೆ ಪ್ರೇಮಾಬಾಯಿ, ನೇರವಾಗಿ ಅಡುಗೆಮನೆಗೆ ಹೋಗಿ ಕುದಿಯುವ ಸಾರಿಗೆ ತಾವೇ ಉಪ್ಪು ಹಾಕುತ್ತಿದ್ದರು. ಕೆನಡಾದಲ್ಲಿ ನೆರೆಯವರು ಫೋನ್ ಮಾಡದೆ ಬರುವುದಿಲ್ಲ, ಎಷ್ಟೋ ಮಂದಿಗೆ ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ ಎಂದು ಯಾರೋ ಹೇಳಿದ ದಿನವೇ ರವಿಕಾಂತ ಮನಸ್ಸಿನಲ್ಲಿ ಆ ದೇಶದ ಪ್ರಜೆಯಾಗಿಬಿಟ್ಟಿದ್ದ.

ರಾಯಭಾರ ಕಚೇರಿಯವರು ಒಪ್ಪಿದ ಡಾಕ್ಟರೇ ಪರೀಕ್ಷೆ ಮಾಡಬೇಕು. ಮುಂಬೈಯಲ್ಲಿ ಸದ್ಯಕ್ಕೆ ತಾರೀಖು ಸಿಗಲಿಲ್ಲವೆಂದು ವೈಷ್ಣವಿ ಸಂಭಾಜಿನಗರದ ಒಂದು ಕ್ಲಿನಿಕ್ಕಿನಲ್ಲಿ ಗೊತ್ತುಮಾಡಿದ್ದಳು. ಅವತ್ತು ಬೆಳಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಾಗ ಪ್ರೇಮಾಬಾಯಿ ತಂಬಿಗೆ ಹಿಡಿದು ಬಂದರು.

"ಕುಡೀ ತಮ್ಮಾ. ಅಲ್ಲಿಯವರು ಮೊದಲ ರಕ್ತದ ಬಣ್ಣಾನೇ ನೋಡ್ತಾರ. ನಮ್ಮ ಅಣ್ಣನ ಮಗ ಯಲ್ಲಾಲಿಂಗಗ ರಕ್ತ ಕಮ್ಮಿ ಅದ ಅಂತ ದುಬೈದವರು ವಾಪಸ್ ಕಳಿಸ್ಯಾರ."

ಕುಡಿಯುವುದಕ್ಕಿಂತ ವಾದಿಸುವುದಕ್ಕೆ ಹೆಚ್ಚು ಹೊತ್ತು ಬೇಕಾಗುತ್ತದೆ ಎಂಬುದು ರವಿಕಾಂತನ ಅನುಭವ. ತಂಬಿಗೆ ಎತ್ತಿ ಖಾಲಿ ಮಾಡಿದ. ಕೆಳಗಿಳಿದು ನೋಡಿದರೆ ವಿಶ್ವನಾಥಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತೇಬಿಟ್ಟಿದ್ದರು. ಹಿಂದೆ ಕೂತರೆ ತಲೆ ತಿರುಗುತ್ತದಂತೆ. ಪ್ರೇಮಾಬಾಯಿ ಬುತ್ತಿಗಂಟಿನ ಸಮೇತ ಹಿಂದೆ ಹತ್ತಿದರು. ಇವರೇಕೆ ಎಂಬಂತೆ ರವಿಕಾಂತ ಹೆಂಡತಿಯ ಮುಖ ನೋಡಿದ. ಅವಳು ಕಡತ ತೊಡೆಯ ಮೇಲಿಟ್ಟುಕೊಂಡು, ತಡವಾಗುತ್ತದೆ ನಡೆಯಿರಿ ಎಂದಳು.

ಅದು ಡ್ರೈವಿಂಗ್ ಸ್ಕೂಲಿನ ಕಾರು. ಕಲಿಸುವವನು ಕೂರುವ ಕಡೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಇವತ್ತು ಆ ಜಾಗ ವಿಶ್ವನಾಥಪ್ಪನವರದು.

ಅವರು ದಾರಿಯುದ್ದಕ್ಕೂ ಮಾತಾಡಿದರು. ಮಗಳ ವಿಷಯ, ಅಳಿಯನ ವಿಷಯ, ಯಾವುದೋ ಮನೆ ಕೊಂಡ ವಿಷಯ, ಚಳಿ, ಹಿಮ, ಮೊಣಕಾಲು ನೋವು. ರವಿಕಾಂತ ವರ್ಷಗಳಿಂದ ಅವರ ಮಾತಿಗೆ "ಹೂಂ" ಎನ್ನುವ ಕಲೆ ಕರಗತ ಮಾಡಿಕೊಂಡಿದ್ದ. ಒಂದು ಕಿವಿಯನ್ನೂ ಬಳಸದೆ ಸರಿಯಾದ ಜಾಗದಲ್ಲಿ ಹೂಂ ಎನ್ನುತ್ತಿದ್ದ. ಅವನ ಲಕ್ಷ್ಯವೆಲ್ಲ ಅವರ ಬಲಗಾಲಿನ ಮೇಲಿತ್ತು. ಎದುರಿಗೆ ಲಾರಿ ಬಂದರೆ ಆ ಕಾಲು ಬ್ರೇಕು ಒತ್ತುತ್ತಿತ್ತು. ಸೈಕಲ್ ಬಂದರೂ ಒತ್ತುತ್ತಿತ್ತು. ರಸ್ತೆಯಲ್ಲಿ ಏನೂ ಇಲ್ಲದಿದ್ದರೆ, ಯಾಕೆ ಏನೂ ಇಲ್ಲ ಎಂಬ ಸಂಶಯದಿಂದ ಒತ್ತುತ್ತಿತ್ತು.

"ಕಾಕಾ, ಆ ಬ್ರೇಕ್ ಮ್ಯಾಲಿಂದ ಕಾಲ್ ತಗೀರಿ."

"ನಾ ಎಲ್ಲಿ ಒತ್ತೀನಿ? ಸುಮ್ಮ ಕಾಲ್ ಇಟ್ಟೀನಷ್ಟೇ."

ವೈಜಾಪುರ ದಾಟಿದ ಮೇಲೆ ದೂರದಲ್ಲಿ ಒಂದು ಮೇಕೆ ರಸ್ತೆ ದಾಟಲೋ ಬೇಡವೋ ಎಂದು ಯೋಚಿಸುತ್ತ ನಿಂತಿತ್ತು. ಅದು ತೀರ್ಮಾನಕ್ಕೆ ಬರುವ ಮೊದಲೇ ವಿಶ್ವನಾಥಪ್ಪನವರು ಬಂದುಬಿಟ್ಟರು. ಕಾರು ಕಂಬದಂತೆ ನಿಂತಿತು. ಹಿಂದೆ ಬರುತ್ತಿದ್ದ ಉಳ್ಳಾಗಡ್ಡಿ ಟ್ರಾಕ್ಟರು ಗಕ್ಕನೆ ಬ್ರೇಕು ಹಾಕಿ, ಕಾರಿಗೆ ತಾಗದೆ ನಿಂತಿತಾದರೂ, ಮೇಲಿನ ಚೀಲಗಳು ಉರುಳಿ, ಒಂದೆರಡು ಬಾಯಿ ಬಿಚ್ಚಿ, ರಸ್ತೆಯ ತುಂಬ ಉಳ್ಳಾಗಡ್ಡಿ ಉರುಳಾಡಿದವು. ರೈತ ಕೆಂಡವಾಗಿ ಇಳಿದು ಬಂದ. ಕಾರಿನ ಮೇಲಿನ ಡ್ರೈವಿಂಗ್ ಸ್ಕೂಲ್ ಬೋರ್ಡು ಓದಿದ. ರವಿಕಾಂತನನ್ನು ಮೇಲಿಂದ ಕೆಳಗೆ ನೋಡಿ, ನೀವು ಕಲಿಯುವವರೋ ಕಲಿಸುವವರೋ ಎಂದು ಮರಾಠಿಯಲ್ಲಿ ಶಾಂತವಾಗಿ ಕೇಳಿದ. ಹದಿನೈದು ವರ್ಷದ ಕಸುಬಿನಲ್ಲಿ ರವಿಕಾಂತನಿಗೆ ಇಷ್ಟು ಪೆಟ್ಟಾಗುವ ಮಾತನ್ನು ಯಾರೂ ಆಡಿರಲಿಲ್ಲ.

ನಾಲ್ವರೂ ಸೇರಿ ಉಳ್ಳಾಗಡ್ಡಿ ಆರಿಸಿದರು. ತನ್ನ ಗಟ್ಟಿತನ ತೋರಿಸಲು ರವಿಕಾಂತ ಒಂದು ಚೀಲವನ್ನು ಒಬ್ಬನೇ ಎತ್ತಲು ಹೋದ. ಚೀಲ ಮೇಲಕ್ಕೆ ಹೋಯಿತು, ಅವನ ಸೊಂಟ ಮಾತ್ರ ಕೆಳಗೇ ಉಳಿಯಿತು.

ಕ್ಲಿನಿಕ್ಕಿಗೆ ಅವನು ಬಾಗಿದ ಬೆನ್ನಿನಲ್ಲಿ ಪ್ರವೇಶ ಮಾಡಿದ. ಕೌಂಟರಿನ ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ ಬೆನ್ನು, ಮೂಳೆಯ ತೊಂದರೆ ಏನಾದರೂ ಇದೆಯೇ ಎಂದು. ಹಲ್ಲು ಕಚ್ಚಿ ನೆಟ್ಟಗೆ ನಿಂತು, ಈವರೆಗೆ ನೆಗಡಿಯೂ ಬಂದಿಲ್ಲ ಎಂದು ನಕ್ಕ. ವೈಷ್ಣವಿ ಪಾಸ್‌ಪೋರ್ಟುಗಳನ್ನೆಲ್ಲ ಕೌಂಟರಿನಲ್ಲಿ ಕೊಟ್ಟು ತನ್ನ ಪರೀಕ್ಷೆಗೆ ಹೋದಳು. ಅವನಿಗೊಂದು ಸಣ್ಣ ಬಾಟಲಿ ಸಿಕ್ಕಿತು.

ಅವನು ತುಂಬಿಸಿ ಕೊಟ್ಟ ಬಾಟಲಿಯನ್ನು ಲ್ಯಾಬಿನವಳು ಬೆಳಕಿಗೆ ಹಿಡಿದು ನೋಡಿದಳು. ಅದು ಗುಲಾಬಿ ಶರಬತ್ತಿನಂತಿತ್ತು. ಆಮೇಲೆ ಅವನ ಮುಖವನ್ನು, ರೈಲು ಹತ್ತಿಸಲು ಬಂದವರು ಕಿಟಕಿಯಲ್ಲಿ ನೋಡುವ ಹಾಗೆ ನೋಡಿ, ಒಳಗೆ ಓಡಿದಳು.

ಡಾಕ್ಟರ್ ಕರೆಸಿದರು. ಮೂತ್ರದಲ್ಲಿ ರಕ್ತವಿರುವಂತಿದೆ, ಹೊಟ್ಟೆ ನೋವಿದೆಯೇ ಎಂದು ಹಿಂದಿಯಲ್ಲಿ ಕೇಳಿದರು. ರವಿಕಾಂತನ ಸೊಂಟ ಹೇಗೂ ನೋಯುತ್ತಿತ್ತು. ಅದು ಉಳ್ಳಾಗಡ್ಡಿ ನೋವೋ ಕಿಡ್ನಿ ನೋವೋ ಎಂದು ಅವನಿಗೇ ಅನುಮಾನ ಹುಟ್ಟಿತು. ನೋವಿಲ್ಲ ಎಂದು ಹೇಳಿ ಕುರ್ಚಿಯಿಂದ ಏಳಹೋಗಿ "ಅಯ್ಯೋ" ಎಂದ. ಡಾಕ್ಟರ್ ಬರೆದುಕೊಂಡರು. ಮನೆಯಲ್ಲಿ ಯಾರಿಗಾದರೂ ಕಿಡ್ನಿಯಲ್ಲಿ ಕಲ್ಲಾಗಿತ್ತೇ ಎಂದು ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ ಬಾಗಿಲ ಸಂದಿಯಲ್ಲಿ ವಿಶ್ವನಾಥಪ್ಪನವರ ಮುಖ ಕಾಣಿಸಿತು. ಇವರ ತಂದೆಗೆ ಬಹಳ ಕಲ್ಲುಗಳಿದ್ದವು ಸಾಹೇಬರೇ ಎಂದು ಅವರು ತಮ್ಮ ಇಲಾಖಾ ಹಿಂದಿಯಲ್ಲಿ ವರದಿ ಒಪ್ಪಿಸಿದರು.

"ಕಾಕಾ, ನಮ್ಮಪ್ಪಂದು ಶಹಾಬಾದ್ ಕಲ್ಲಿನ ಅಂಗಡಿ ಇತ್ತು ಅಂತ ಹೇಳಿದ್ದೆ ನಾ."

"ಯಾವ ಕಲ್ಲಾದರೇನು, ಡಾಕ್ಟರ್ ಮುಂದ ಮುಚ್ಚಿಡಬಾರದು."

ಇಷ್ಟರಲ್ಲಿ ಪ್ರೇಮಾಬಾಯಿಯೂ ಬಾಗಿಲಿಗೆ ಬಂದರು. ಇವನ ಸೋದರಮಾವ ಮನೆಗೆ ಬಂದಾಗಲೆಲ್ಲ ಕೆಮ್ಮುತ್ತಿದ್ದರು ಎಂಬ ವಿಷಯವನ್ನು ಸಹಾಯವಾಗಲಿ ಎಂದು ಸೇರಿಸಿದರು. ಮಾವ ಕೆಮ್ಮುತ್ತಿದ್ದದ್ದು ಹೆಂಗಸರಿಗೆ ತಾನು ಬಂದದ್ದು ಗೊತ್ತಾಗಲಿ ಎಂದು. ಅದನ್ನು ಹಿಂದಿಯಲ್ಲಿ ವಿವರಿಸುವಷ್ಟು ಹೊತ್ತು ಡಾಕ್ಟರಿಗಿರಲಿಲ್ಲ. ಎದೆಯ ಎಕ್ಸ್‌ರೇ ಜೊತೆಗೆ ಹೊಟ್ಟೆಯ ಸ್ಕ್ಯಾನನ್ನೂ ಬರೆದುಕೊಟ್ಟು, ಸರಿಯಿಲ್ಲದಿದ್ದರೆ ವರದಿ ಇಂದು ಹೋಗುವುದಿಲ್ಲ ಎಂದರು.

ಎಕ್ಸ್‌ರೇ ಕೋಣೆಯಲ್ಲಿ ಇನ್ನೊಂದು ತೊಡಕು. ಅಂಗಿ ಬಿಚ್ಚಿ ನಿಂತವನ ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ ತೂಗುತ್ತಿತ್ತು. ಲೋಹವಿದ್ದರೆ ಚಿತ್ರದಲ್ಲಿ ಕಲೆ ಬರುತ್ತದೆ, ತೆಗೆದು ಟ್ರೇಯಲ್ಲಿಡಿ ಎಂದ ಯಂತ್ರದವನು. ದೀಕ್ಷೆಯಾದಾಗಿನಿಂದ ಮೈಯಿಂದ ಬೇರೆಯಾಗದ್ದನ್ನು, ಯಾರೋ ಬೆಲ್ಟು, ಕಿವಿಯೋಲೆ ಬಿಟ್ಟುಹೋದ ತಟ್ಟೆಯಲ್ಲಿ ಇಡುವುದಕ್ಕೆ ರವಿಕಾಂತನ ಕೈ ಬರಲಿಲ್ಲ. ತೆಗೆಯುವುದಿಲ್ಲ ಎಂದ. ತೆಗೆಯದಿದ್ದರೆ ಆಗುವುದಿಲ್ಲ ಎಂದ ಯಂತ್ರದವನು. ಆಗ ಬಾಗಿಲಾಚೆಯಿಂದ ಪ್ರೇಮಾಬಾಯಿ, ಅವತ್ತು ಇಡೀ ದಿನದಲ್ಲಿ ಉಪಯೋಗಕ್ಕೆ ಬಂದ ಒಂದೇ ಮಾತು ಹೇಳಿದರು.

"ತಲಿ ಮ್ಯಾಲ ಕಟ್ಕೋ ತಮ್ಮಾ. ಎದಿಗಿಂತ ತಲಿ ಮ್ಯಾಲಿಂದೇ ಅದ."

ಕರಡಿಗೆಯ ಸಮೇತ ಶಿವದಾರವನ್ನು ನೆತ್ತಿಗೆ ಸುತ್ತಿ, ಕರವಸ್ತ್ರದಿಂದ ಬಿಗಿದು, ಪಟ್ಟಾಭಿಷೇಕಕ್ಕೆ ನಿಂತ ರಾಜನಂತೆ ರವಿಕಾಂತ ಯಂತ್ರಕ್ಕೆ ಎದೆಯೊಡ್ಡಿದ. ಎದೆ ಸ್ವಚ್ಛವಾಗಿ ಬಂತು. ಸ್ಕ್ಯಾನಿನಲ್ಲಿ ಕಲ್ಲು ಕಾಣಲಿಲ್ಲ. ಕಲ್ಲೇ ಇಲ್ಲದೆ ರಕ್ತ ಎಲ್ಲಿಂದ ಬಂತು ಎಂದು ಡಾಕ್ಟರ್ ಇನ್ನಷ್ಟು ಗಂಭೀರರಾದರು.

ವೈಷ್ಣವಿ ತನ್ನದೆಲ್ಲ ಮುಗಿಸಿ ಬಂದಾಗ ಗಂಡ ಬೆಂಚಿನ ಮೇಲೆ ಮುದುರಿ ಕೂತಿದ್ದ. ಎಡಕ್ಕೆ ಕಾಕಾ, ಬಲಕ್ಕೆ ಕಾಕು ಅವನ ಬೆನ್ನು ಸವರುತ್ತಿದ್ದರು. ನನ್ನಿಂದ ನಿನ್ನ ಕೆಲಸವೂ ಹೋಯಿತು ಎಂದು ಅವನು ಮೆಲ್ಲಗೆ ಹೇಳಿದ. ಅವಳು ಕಾಗದ ಓದಿದಳು, ಅವನ ನಾಲಿಗೆ ಹೊರಗೆ ಹಾಕಿಸಿ ನೋಡಿದಳು. ಅದು ದಾಸವಾಳದ ಬಣ್ಣದ್ದಾಗಿತ್ತು.

"ಮುಂಜಾನಿ ಏನ್ ಕುಡ್ದೀರಿ?"

ರವಿಕಾಂತ ಪ್ರೇಮಾಬಾಯಿಯ ಕಡೆ ನೋಡಿದ. ಪ್ರೇಮಾಬಾಯಿ ಬುತ್ತಿಗಂಟಿನ ಕಡೆ ನೋಡಿದರು.

ವಿಷಯ ಕೇಳಿ ಡಾಕ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆದರೂ ನಿಯಮ ನಿಯಮವೇ. ಬಣ್ಣವೆಲ್ಲ ಹೋದ ಮೇಲೆ ಮತ್ತೊಂದು ಬಾಟಲಿ ಕೊಡಬೇಕು. ರವಿಕಾಂತ ನೀರು ಕುಡಿದ. ನಡೆದರೆ ಒಳಗೆ ಬಿಂದಿಗೆ ಅಲುಗಿದಂತೆ ಸದ್ದಾಗುವವರೆಗೆ ಕುಡಿದ. ಸಂಜೆ ಹೊತ್ತಿಗೆ ಬಾಟಲಿಯಲ್ಲಿ ಬಂದದ್ದು ಗೋದಾವರಿಯ ಮೂಲದ ನೀರಿನಷ್ಟು ತಿಳಿಯಾಗಿತ್ತು. ರಕ್ತದ ಸುಳಿವೇ ಇರಲಿಲ್ಲ. ನನ್ನ ಕಡೆಯಿಂದ ಅಡ್ಡಿಯೇನಿಲ್ಲ, ಇಬ್ಬರ ವರದಿಯನ್ನೂ ಈಗಲೇ ಕಳಿಸುತ್ತೇನೆ ಎಂದು ಡಾಕ್ಟರ್ ಗುಂಡಿ ಒತ್ತಿಯೇಬಿಟ್ಟರು.

ರವಿಕಾಂತನ ಸೊಂಟ ತಾನಾಗಿಯೇ ನೆಟ್ಟಗಾಯಿತು. ಕೌಂಟರಿನ ಮುಂದೆ ನಿಂತಾಗ ಅವನ ಕಣ್ಣ ಮುಂದೆ ಮುಚ್ಚಿದ ಒಂದು ಬಾಗಿಲಿತ್ತು. ಹೊರಗೆ ಹಿಮ, ಒಳಗೆ ಅವನು, ವೈಷ್ಣವಿ, ಯಾರೂ ಕೈಯಾಡಿಸದ ಸಾರಿನ ಪಾತ್ರೆ. ಇಷ್ಟು ದಿನ ಸಹಿಸಿದ ಎದುರು ಮನೆಯವರ ಮೇಲೂ ಅವನಿಗೆ ಪ್ರೀತಿ ಉಕ್ಕಿತು. ಬಿಟ್ಟುಹೋಗುವವರ ಮೇಲೆ ಪ್ರೀತಿ ಬರುವುದು ಸುಲಭ.

ಕೌಂಟರಿನ ಹುಡುಗಿ ಡ್ರಾಯರಿನಿಂದ ನಾಲ್ಕು ಪಾಸ್‌ಪೋರ್ಟು ತೆಗೆದಳು. ಎರಡನ್ನು ಅವನಿಗೆ ಕೊಟ್ಟು ಎರಡನ್ನು ತನ್ನ ಬಳಿಯೇ ಇಟ್ಟುಕೊಂಡಳು. ಆ ಎರಡು ಯಾರವು ಎಂದು ರವಿಕಾಂತ ಸುಮ್ಮನೆ ಕೇಳಿದ. ನಿಮ್ಮ ಹಿರಿಯರದು ಎಂದಳು ಅವಳು. ಅವರ ಸರದಿ ಮಧ್ಯಾಹ್ನವೇ ಇತ್ತಂತೆ. ಎಷ್ಟು ಕರೆದರೂ ಆ ಯಜಮಾನರು ನಿಮ್ಮ ಬಾಗಿಲು ಬಿಟ್ಟು ಬರಲಿಲ್ಲ, ಮೊದಲು ನಮ್ಮ ಹುಡುಗನದು ಸರಿಹೋಗಲಿ ಎಂದು ಕೂತುಬಿಟ್ಟರು, ಬೀಟ್‌ರೂಟ್ ವಿಷಯ ಗೊತ್ತಾದ ಮೇಲೆಯೇ ಒಳಗೆ ಹೋದರು ಎಂದಳು.

ರವಿಕಾಂತ ಹೆಂಡತಿಯ ಕಡೆ ತಿರುಗಿದ.

"ಅವರೆಲ್ಲಿಗಿ ಹೊಂಟಾರ?"

ವೈಷ್ಣವಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಗಳು ಕರೆಸ್ಕೊಳ್ಳಾಕತ್ತಾಳಲ್ರೀ, ಪಿಆರ್ ಮ್ಯಾಲೆ. ರುಚಿತಾ ನಾವು ಹೋಗೋ ಊರಾಗೇ ಅದಾಳ. ನನಗ ಆ ವೃದ್ಧಾಶ್ರಮದ ಕೆಲಸ ಹುಡುಕಿ ಕೊಟ್ಟಾಕೀನೂ ಅಕೀನೇ. ನಿಮಗ ಗೊತ್ತಿಲ್ಲೇನು? ಕಾಕಾ ದಿನಾ ನಿಮಗ ಅದೇ ಹೇಳ್ತಿದ್ರು. ನೀವೂ ಹೂಂ ಅಂತಿದ್ರಿ."

ಅಷ್ಟರಲ್ಲಿ ಒಳಗಿನಿಂದ ವಿಶ್ವನಾಥಪ್ಪನವರೂ ಪ್ರೇಮಾಬಾಯಿಯೂ ಬಂದರು. ಇಬ್ಬರಿಗೂ ಒಂದೂ ತಕರಾರಿಲ್ಲದೆ ಎಲ್ಲ ಪರೀಕ್ಷೆಗಳೂ ಮುಗಿದಿದ್ದವು. ಈ ವಯಸ್ಸಿಗೆ ಇಂಥ ರಕ್ತದೊತ್ತಡ ತಾವು ನೋಡೇ ಇಲ್ಲ ಎಂದು ಡಾಕ್ಟರ್ ಹೊಗಳಿದರಂತೆ. ವಿಶ್ವನಾಥಪ್ಪನವರು ರವಿಕಾಂತನ ಹೆಗಲ ಮೇಲೆ ಕೈ ಹಾಕಿದರು.

"ಇನ್ನ ಏನೂ ಚಿಂತಿ ಇಲ್ಲ. ನಾವು ಮೊದಲ ಹೋಗಿ ಮನಿ ಬೆಚ್ಚಗ ಮಾಡಿ ಇಡ್ತೀವಿ. ಅಳಿಯ ತಗೊಂಡಿರೋ ಮನಿ ದೊಡ್ಡದದ. ಕೆಳಗ ನೀವಿಬ್ರು, ಮ್ಯಾಲ ನಾವು. ವೈಷ್ಣವಿ ಹೂಂ ಅಂದಾಳ, ಬಾಡಿಗಿ ಕಾಗದಕ್ಕೂ ಸಹಿ ಹಾಕ್ಯಾಳ."

ರವಿಕಾಂತ, ಅಲ್ಲಿ ಯಾರ ಮನೆಗಾದರೂ ಹೋಗುವ ಮೊದಲು ಫೋನ್ ಮಾಡಬೇಕಂತಲ್ಲ ಎಂದು ಕೇಳಿದ. ಅದಕ್ಕೆ ಪ್ರೇಮಾಬಾಯಿ ಮಮತೆಯಿಂದ ಸಮಾಧಾನ ಹೇಳಿದರು.

"ಅದು ಬ್ಯಾರೆಯವರಿಗಿ ತಮ್ಮಾ. ನಮಗ ಆ ತ್ರಾಸೇ ಇಲ್ಲ. ಅಡಗಿಮನಿ ಒಂದೇ ಅದ."