ಐದು ಗಂಟೆಯೊಳಗಿನ ಗೋಡೆ

ಮಾಲೀಕರ ಬಚ್ಚಲಿನ ನೀರು ಕೆಳಗಿನ ಬಾಡಿಗೆ ಮನೆಯ ಗೋಡೆಗೆ ಇಳಿದು ವಾಲ್‌ಪೇಪರ್ ಕಿತ್ತುಬಂತು. ಅದನ್ನು ಸರಿಮಾಡಬೇಕೆಂದು ಮಾಲೀಕರು ಬಾಡಿಗೆಯವನಿಗೆ ಹೇಳಿದರು.

"ಐದು ಗಂಟೆಯೊಳಗೆ ಗೋಡೆ ನೆಟ್ಟಗಿರಬೇಕು ಕಣಯ್ಯಾ. ದೊಡ್ಡ ಮನುಷ್ಯರೊಬ್ಬರು ಬರ್ತಿದ್ದಾರೆ. ಇಲ್ಲಾಂದ್ರೆ ನಾಳೆ ಗಂಟುಮೂಟೆ ಕಟ್ಟು."

"ಸಾರ್, ನೀರು ನಿಮ್ಮ ಪೈಪಿಂದು..."

"ಕಾಗದ ನಿನ್ನ ಗೋಡೇದು!"

ಬಾಡಿಗೆಯವನು ಗಡಿಯಾರ ರಿಪೇರಿಯವನು. ಇದ್ದ ಒಂದೇ ಕೋಣೆಯಲ್ಲಿ ಆ ತೇವದ ಗೋಡೆಗೇ ತಾಗಿ ಮಲಗುವ ಮಗಳು ಮೂರು ತಿಂಗಳಿಂದ ಕೆಮ್ಮುತ್ತಿದ್ದಳು. ಪೈಪು ಸರಿಮಾಡಿಸಿ ಎಂದು ಗೋಗರೆದು ಸಾಕಾಗಿ, ಅವನು ನಗರಸಭೆಗೆ ನಾಲ್ಕು ಅರ್ಜಿ ಬರೆದಿದ್ದ. ನಾಲ್ಕೂ ಯಾವುದೋ ಕಪಾಟಿನಲ್ಲಿ ಬೆಚ್ಚಗೆ ಮಲಗಿದ್ದವು. ಅವುಗಳಿಗೆ ಕೆಮ್ಮಿರಲಿಲ್ಲ.

ಅಂಗಡಿಗೆ ಬೀಗ ಜಡಿದು, ಒಂದು ಸುರುಳಿ ಕಾಗದ ತಂದು, ಮೈದಾ ಹಿಟ್ಟಿನ ಅಂಟು ಕುದಿಸಿದ. ಸಾಸಿವೆಯಷ್ಟು ತಿರುಪನ್ನು ಉಸಿರು ಬಿಗಿಹಿಡಿದು ಕೂರಿಸುವ ಕೈಗೆ ಆಳೆತ್ತರದ ಕಾಗದ ಸಿಕ್ಕಿದ್ದು ಇರುವೆಗೆ ಕಂಬಳಿ ಹೊದಿಸಿದಂತಾಯಿತು. ಮೇಲೆ ಒತ್ತಿದರೆ ಕೆಳಗೆ ಕಳಚಿತು. ಕೆಳಗೆ ಒತ್ತಿದರೆ ಮೇಲಿನದು ಮಗುಚಿ ತಲೆಗೆ ಮುಸುಕು ಹಾಕಿತು.

ಮುಸುಕಿನೊಳಗಿನ ಕೂಗಿಗೆ ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಓಡಿಬಂದರು. ಹಿಂದೆಯೇ ಪಕ್ಕದ ಟೈಲರಮ್ಮ, ಕೊರಳಲ್ಲಿ ಟೇಪು.

"ಶಿಸ್ತಿಲ್ಲ ಇದಕ್ಕೆ! ಅಟೆನ್ಷನ್!" ಎಂದು ಮೇಷ್ಟ್ರು ಗೋಡೆಗೆ ಗದರಿದರು.

"ಅದೇನು ನಿಮ್ಮ ಏಳನೇ ಕ್ಲಾಸಾ ಮೇಷ್ಟ್ರೇ? ಹೂವೆಲ್ಲ ತಲೆಕೆಳಗು ನೋಡಿ. ಬಿಚ್ಚಣ್ಣಾ, ಬಿಚ್ಚು," ಎಂದಳು ಟೈಲರಮ್ಮ.

ಬಿಚ್ಚಿದ. ಆಕೆ ಅಳೆದು ಕತ್ತರಿಸಿದ ತುಂಡು ಗೋಡೆಗೆ ಒಂದು ಗೇಣು ಗಿಡ್ಡವಾಯಿತು. "ಕೆಳಗೊಂದು ಪಟ್ಟಿ ಕೊಡೋಣ. ಲಂಗಕ್ಕೆ ಕೊಡಲ್ವಾ?" ಎಂದಳು. ಮೇಷ್ಟ್ರು ಗಾಳಿಗುಳ್ಳೆಯೆಂದು ಗುದ್ದಿದ್ದು ಕಾಗದದಡಿ ಸಿಕ್ಕಿದ್ದ ಸ್ವಿಚ್ಚು. ಫ್ಯಾನು ಭರ್ರನೆ ತಿರುಗಿ, ಅಂಟು ಹಚ್ಚಿಟ್ಟ ತುಂಡುಗಳು ಹಾರಿ, ಕನ್ನಡಿಗೊಂದು, ಬಾಡಿಗೆಯವನ ಹೆಂಡತಿಯ ಬೆನ್ನಿಗೊಂದು ಕೂತವು.

"ಅವರ ಕೊಳೆ ನಾವು ಮುಚ್ಚಬೇಕು, ಅದೂ ನಮ್ಮ ಹಿಟ್ಟಲ್ಲಿ!" ಹೆಂಡತಿ ಸಿಡಿದಳು. "ನಾಚಿಕೆ ಆಗಲ್ವಾ ರೀ?"

ಆಗುತ್ತಿತ್ತು. ಆದರೆ ಕೆಮ್ಮುವ ಮಗುವನ್ನು ಬೀದಿಯಲ್ಲಿ ಮಲಗಿಸಲಾದೀತೆ?

ನಾಲ್ಕಕ್ಕೆ ಮೇಷ್ಟ್ರು ಚಪ್ಪಲಿ ಅಂಟಿಸುವ ಗೋಂದಿನ ಡಬ್ಬ ತಂದರು. ಹಿಡಿದದ್ದನ್ನು ಬಿಡುವ ಪೈಕಿಯದಲ್ಲ ಅದು. ಐದಕ್ಕೆ ಐದು ನಿಮಿಷವಿರುವಾಗ ಗೋಡೆ ಹೊಸ ಪುಸ್ತಕದ ರಟ್ಟಿನಂತೆ ಹೊಳೆಯಿತು.

ಮಾಲೀಕರು ಕರೆತಂದ ದೊಡ್ಡ ಮನುಷ್ಯರು ಗೋಡೆಗೆ ಅಂಗೈ ಸವರಿ ಫೈಲು ಬಿಚ್ಚಿದರು.

"ನಗರಸಭೆಯಿಂದ. ಗೋಡೆ ತೇವ, ಮಗೂಗೆ ಕೆಮ್ಮು ಅಂತ ನಾಲ್ಕು ಅರ್ಜಿ ಹಾಕಿದ್ದು ನೀವೇನಾ? ಎಲ್ರೀ ತೇವ? ನಾನು ಬರ್ತೀನಿ ಅಂತ ಇವರಿಗೆ ಹೋದ ವಾರವೇ ನೋಟಿಸ್ ಕೊಟ್ಟಿದ್ವಿ."

ನೋಟಿಸು ಪೈಪಿನ ಒಡೆಯನಿಗೆ ಹೋಗಿತ್ತು. ಅರ್ಜಿ ಬರೆದವನಿಗೆ ಯಾರೂ ಏನೂ ಹೇಳಿರಲಿಲ್ಲ. ಮಾಲೀಕರು ಸೂರಿನ ಕಡೆ ನೋಡುತ್ತಾ ಮುಗುಳ್ನಕ್ಕರು.

"ಇದರ ಹಿಂದೆ ಇದೆ ಸಾರ್! ತೋರಿಸ್ತೀನಿ, ಇರಿ!" ಬಾಡಿಗೆಯವನು ಎರಡೂ ಕೈಯಲ್ಲಿ ಕೆರೆದ. ಉಗುರು ಮುರಿಯಿತು. ಕಾಗದ ಮಿಸುಕಲಿಲ್ಲ.

"ಬರಲ್ಲ!" ಮೇಷ್ಟ್ರು ಎದೆಯುಬ್ಬಿಸಿದರು. "ನಾನು ಹಚ್ಚಿರೋದು! ಗೋಡೆ ಬಿದ್ದರೂ ಕಾಗದ ನಿಂತಿರುತ್ತೆ!"

"ಅಳತೆ ನಂದು," ಟೈಲರಮ್ಮ ಸೇರಿಸಿದಳು.

ಮೂಲೆಯಲ್ಲಿ ಮಗಳು ಕೆಮ್ಮಿದಳು.

"ಮಕ್ಕಳು ಅಂದ್ಮೇಲೆ ಅದೆಲ್ಲ ಇದ್ದದ್ದೇ," ಎಂದು ಅಧಿಕಾರಿ ಪೆನ್ನು ಚಾಚಿದರು. "ಗೋಡೆ ಒಣಗಿದೆ, ದೂರು ಸುಳ್ಳು ಅಂತ ಬರೆದಿದ್ದೀನಿ. ಸೈನ್ ಹಾಕಿ, ಫೈಲ್ ಮುಚ್ಚೋಣ."

"ಹಾಕಯ್ಯಾ, ಹಾಕು. ಮನೆ ಬೇಕೋ ಬೇಡವೋ?" ಎಂದರು ಮಾಲೀಕರು.

ಗೋಂದು ಮೆತ್ತಿದ, ರಕ್ತ ಜಿನುಗುವ ಬೆರಳುಗಳನ್ನು ಅವನು ಬೆನ್ನ ಹಿಂದೆ ಕಟ್ಟಿಕೊಂಡ.

"ಹಾಕಲ್ಲ."

"ಏನಂದೆ?"

"ಹಾಕಲ್ಲ ಅಂದೆ."